ಟಿಐಪಿ122ಕ್ಕೆ ಬದಲಿಯಾಗಿ ಐಆರ್‌ಎಲ್‌ಝಡ್44ಎನ್: ಹಾಸನದಲ್ಲಿ ಬಳಸಿ ನೋಡಿದ ಮೇಲೆ

ಹನ್ನೆರಡು ವೋಲ್ಟಿನ ಸೊಲೆನಾಯ್ಡ್ ವಾಲ್ವ್, ಸಣ್ಣ ಡಿಸಿ ಪಂಪು, ಎಲ್‌ಇಡಿ ಪಟ್ಟಿ, ಹಳೆಯ ಕಾರಿನ ಫ್ಯಾನು, ಇವುಗಳನ್ನು ಆರ್ಡುಯಿನೊದಂಥ ಪ್ರೋಗ್ರಾಮ್ ಮಾಡಬಹುದಾದ ಬೋರ್ಡಿನಿಂದ ಆನ್-ಆಫ್ ಮಾಡಬೇಕೆಂದುಕೊಂಡು ಹಾಸನದ ಬಿಡಿಭಾಗದ ಅಂಗಡಿಗೆ ಹೋದವರ ಕೈಗೆ ಮೊದಲು ಬರುವುದು ಟಿಐಪಿ122 ಎಂಬ ಟ್ರಾನ್ಸಿಸ್ಟರ್. ಅದು ಮುಗಿದಿದ್ದರೆ ಪಕ್ಕದ ಡಬ್ಬಿಯಿಂದ ಐಆರ್‌ಎಫ್‌ಝಡ್44ಎನ್ ಇಲ್ಲವೆ ಐಆರ್‌ಎಫ್540ಎನ್ ಬರುತ್ತದೆ. ಜೊತೆಗೆ ‘ಅದಕ್ಕಿಂತ ಇದು ಹೆವಿ, ಧೈರ್ಯವಾಗಿ ಹಾಕಿ’ ಎಂಬ ಮಾತೂ ಬರುತ್ತದೆ. ನಾನು ಇಲ್ಲಿ ವಿಮರ್ಶೆ ಮಾಡಲು ಎತ್ತಿಕೊಂಡಿರುವುದು ಇವೆರಡರ ನಡುವೆ ಮರೆಯಾಗಿ ಉಳಿದಿರುವ ಐಆರ್‌ಎಲ್‌ಝಡ್44ಎನ್ ಎಂಬ ಮಾಸ್ಫೆಟ್ ಅನ್ನು. ಮಾಸ್ಫೆಟ್ ಎಂದರೆ ಗೇಟ್ ಎಂಬ ಕಾಲಿಗೆ ಕೊಟ್ಟ ವೋಲ್ಟೇಜಿನಿಂದ ಡ್ರೈನ್ ಮತ್ತು ಸೋರ್ಸ್ ಎಂಬ ಇನ್ನೆರಡು ಕಾಲುಗಳ ನಡುವಿನ ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್. ಇಂಟರ್‌ನ್ಯಾಷನಲ್ ರೆಕ್ಟಿಫೈಯರ್ ಕಂಪನಿಯಿಂದ ಬಂದ ಬಿಡಿಭಾಗ ಇದು. ಆ ಕಂಪನಿ 2015ರಲ್ಲಿ ಇನ್‌ಫಿನಿಯಾನ್ ಕಂಪನಿಯೊಳಗೆ ಸೇರಿತು. ಟಿಐಪಿ122 ಇದ್ದ ಜಾಗದಲ್ಲಿ ಇದನ್ನು ಕೂರಿಸಿ ನೋಡಿದ್ದೇನೆ. ಯಾವ ಕೆಲಸಕ್ಕೆ ಇದು ಒಳ್ಳೆಯ ಬದಲಿ, ಯಾವುದಕ್ಕೆ ಅಲ್ಲ ಎಂಬುದನ್ನು ಲೆಕ್ಕದ ಸಮೇತ ಹೇಳುವುದು ಈ ಬರಹದ ಉದ್ದೇಶ.

ನಾನು ಬಳಸಿದ್ದು ಆಲೂರು ಕಡೆಯ ಒಂದು ಮೆಣಸಿನ ನರ್ಸರಿಯ ಹನಿ ನೀರಾವರಿ ಪೆಟ್ಟಿಗೆಯಲ್ಲಿ. ಸೋಲಾರ್ ಫಲಕದಿಂದ ಚಾರ್ಜ್ ಆಗುವ 12 ವೋಲ್ಟಿನ ಬ್ಯಾಟರಿ, ಕೆಲವು ವಾಲ್ವ್‌ಗಳು, ಒಂದು ಸಣ್ಣ ಪಂಪು ಮತ್ತು ಇವನ್ನೆಲ್ಲ ನಡೆಸುವ ಬೋರ್ಡು ಅದರಲ್ಲಿವೆ. ಮಲೆನಾಡಿನ ಅಂಚಿನ ಈ ಊರುಗಳಲ್ಲಿ ಮುಂಗಾರು ಹಿಡಿಯಿತೆಂದರೆ ಪೆಟ್ಟಿಗೆಗೆ ಗಾಳಿಕಿಂಡಿ ಬಿಡುವಂತಿಲ್ಲ. ತೇವವೂ ಹುಳುಗಳೂ ಒಳಗೆ ಸೇರಿ ಬೋರ್ಡಿನ ತಾಮ್ರವನ್ನು ಹಸಿರುಗಟ್ಟಿಸಿಬಿಡುತ್ತವೆ. ಆದ್ದರಿಂದ ರಬ್ಬರ್ ಗ್ಯಾಸ್ಕೆಟ್ ಹಾಕಿ ಬಿಗಿಯಾಗಿ ಮುಚ್ಚಲೇಬೇಕು. ಹಾಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಟ್ರಾನ್ಸಿಸ್ಟರ್ ಹೊರಹಾಕುವ ಬಿಸಿಗೆ ಹೋಗಲು ದಾರಿ ಇರುವುದಿಲ್ಲ. ಮೇಜಿನ ಮೇಲೆ ಫ್ಯಾನಿನ ಗಾಳಿಯಲ್ಲಿ ಚೆನ್ನಾಗಿ ನಡೆದ ಸರ್ಕೀಟು ತೋಟದಲ್ಲಿ ಕೈಕೊಡುವುದು ಬಹುಮಟ್ಟಿಗೆ ಈ ಕಾರಣಕ್ಕೇ.

ಟಿಐಪಿ122ರ ಬಗ್ಗೆ ಮೊದಲು ನ್ಯಾಯವಾಗಿ ಮಾತನಾಡಬೇಕು. ಇದು ಡಾರ್ಲಿಂಗ್ಟನ್ ಜೋಡಿ, ಎಂದರೆ ಒಂದೇ ಕವಚದಲ್ಲಿ ಒಂದರ ಬೆನ್ನಿಗೆ ಒಂದಾಗಿ ಜೋಡಿಸಿದ ಎರಡು ಎನ್‌ಪಿಎನ್ ಟ್ರಾನ್ಸಿಸ್ಟರ್‌ಗಳು. 100 ವೋಲ್ಟ್ ಮತ್ತು 5 ಆಂಪಿಯರ್ ಇದರ ಮಿತಿ. 3 ಆಂಪಿಯರಿನಲ್ಲಿ ಕನಿಷ್ಠ 1000 ಪಟ್ಟು ಗೇನ್ (ಕರೆಂಟಿನ ವರ್ಧನೆ) ಇದೆ. ಬೇಸ್‌ಗೆ ಕೆಲವೇ ಮಿಲಿಆಂಪಿಯರ್ ಕೊಟ್ಟರೆ ಸಾಕು, ಕಲೆಕ್ಟರ್ ಮತ್ತು ಎಮಿಟರ್ ಎಂಬ ಇನ್ನೆರಡು ಕಾಲುಗಳ ನಡುವೆ ಕರೆಂಟ್ ಹರಿಯಲು ಶುರುವಾಗುತ್ತದೆ. ಕೈಯಲ್ಲಿನ ಸ್ಥಿರವಿದ್ಯುತ್ತಿಗೆ ಮಾಸ್ಫೆಟ್‌ನ ಗೇಟಿನಷ್ಟು ಸುಲಭವಾಗಿ ಇದು ಸಾಯುವುದಿಲ್ಲ. ಕಲಿಯುವವರ ಒರಟು ಕೈಗೆ ಇಷ್ಟು ಹೊಂದಿಕೊಳ್ಳುವ ಬಿಡಿಭಾಗ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ಇದರ ತೊಂದರೆ ಇರುವುದು ಪೂರ್ತಿ ಆನ್ ಆದಾಗಲೂ ಉಳಿಯುವ ವೋಲ್ಟೇಜಿನಲ್ಲಿ. ಸಾಮಾನ್ಯ ಟ್ರಾನ್ಸಿಸ್ಟರ್ ಸ್ಯಾಚುರೇಶನ್‌ಗೆ, ಎಂದರೆ ಪೂರ್ತಿ ತೆರೆದ ಸ್ಥಿತಿಗೆ, ಹೋದಾಗ ಕಲೆಕ್ಟರ್-ಎಮಿಟರ್ ನಡುವೆ ವೋಲ್ಟಿನ ಸಣ್ಣ ಭಾಗವಷ್ಟೇ ಉಳಿಯುತ್ತದೆ. ಡಾರ್ಲಿಂಗ್ಟನ್‌ನಲ್ಲಿ ಮಾತ್ರ ಎರಡನೆಯ ಟ್ರಾನ್ಸಿಸ್ಟರ್‌ಗೆ ಬೇಸ್ ಕರೆಂಟ್ ಹರಿಯಬೇಕಾದರೆ ಮೊದಲನೆಯದರ ಮೇಲೆ ಒಂದಿಷ್ಟು ವೋಲ್ಟೇಜ್ ಉಳಿದೇ ಇರಬೇಕು. ಆದ್ದರಿಂದ ಅದು ಎಂದೂ ಪೂರ್ಣ ಸ್ಯಾಚುರೇಶನ್ ಮುಟ್ಟುವುದಿಲ್ಲ. ತಯಾರಕರು ಕೊಡುವ ವಿವರಪಟ್ಟಿಯಾದ ಡೇಟಾಶೀಟಿನ ಪ್ರಕಾರ 3 ಆಂಪಿಯರಿಗೆ ಗರಿಷ್ಠ 2 ವೋಲ್ಟ್, 5 ಆಂಪಿಯರಿಗೆ ಗರಿಷ್ಠ 4 ವೋಲ್ಟ್ ಅಲ್ಲೇ ಕಳೆದುಹೋಗಬಹುದು. 3 ಆಂಪಿಯರಿನ ಪಂಪಿಗೆ ಇದನ್ನು ಹಾಕಿದರೆ ಲೆಕ್ಕ ಹೀಗಾಗುತ್ತದೆ: 2 ವೋಲ್ಟನ್ನು 3 ಆಂಪಿಯರಿನಿಂದ ಗುಣಿಸಿದರೆ 6 ವ್ಯಾಟ್ ಬಿಸಿ. ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಇಲ್ಲದಿದ್ದರೆ ಟಿಐಪಿ122 ಬರುವ ಟಿಒ-220 ಕವಚ ಪ್ರತಿ ವ್ಯಾಟಿಗೆ ಸುಮಾರು 62 ಡಿಗ್ರಿ ಏರುತ್ತದೆ. ಎಂದರೆ 370 ಡಿಗ್ರಿಯ ಏರಿಕೆ. ಒಳಗಿನ ಜಂಕ್ಷನ್ 150 ಡಿಗ್ರಿಗಿಂತ ಹೆಚ್ಚು ತಾಳುವಂತಿಲ್ಲ. ನಿಜವಾದ ಬಿಡಿಗಳಲ್ಲಿ ಈ ವೋಲ್ಟೇಜ್ ಸಾಮಾನ್ಯವಾಗಿ 2ಕ್ಕಿಂತ ಕಡಿಮೆಯೇ ಇರುತ್ತದೆ, ಆದರೂ ಹೀಟ್‌ಸಿಂಕ್ ಇಲ್ಲದೆ ಬದುಕುವ ಪ್ರಶ್ನೆಯೇ ಇಲ್ಲ. ಪಂಪಿಗೆ ತಲುಪುವುದು 12ರ ಬದಲು 10 ಅಥವಾ 11 ವೋಲ್ಟ್ ಎಂಬುದು ಬೇರೆ. ಸೋಲಾರ್ ಬ್ಯಾಟರಿಯ ಮೇಲೆ ನಡೆಯುವ ವ್ಯವಸ್ಥೆಯಲ್ಲಿ ಇದು ಸಣ್ಣ ನಷ್ಟವಲ್ಲ.

ಅದೇ ಜಾಗದಲ್ಲಿ ಐಆರ್‌ಎಲ್‌ಝಡ್44ಎನ್ ಇಟ್ಟು ನೋಡಿದರೆ ಚಿತ್ರ ಬದಲಾಗುತ್ತದೆ. ಇದರ ಗೇಟಿಗೆ 5 ವೋಲ್ಟ್ ಕೊಟ್ಟಾಗ ಡ್ರೈನ್-ಸೋರ್ಸ್ ನಡುವಿನ ರೋಧ ಗರಿಷ್ಠ 25 ಮಿಲಿಓಮ್ ಎಂದು ಡೇಟಾಶೀಟ್ ಖಾತರಿ ಕೊಡುತ್ತದೆ. 3 ಆಂಪಿಯರಿನ ವರ್ಗ 9, ಅದನ್ನು 0.025ರಿಂದ ಗುಣಿಸಿದರೆ 0.225 ವ್ಯಾಟ್. ಹೀಟ್‌ಸಿಂಕ್ ಇಲ್ಲದೆಯೂ ಹದಿನಾಲ್ಕು ಡಿಗ್ರಿಯಷ್ಟು ಬಿಸಿಯಾಗುತ್ತದೆ, ಅಷ್ಟೇ. ಮುಚ್ಚಿದ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಪಂಪು ನಡೆದ ಮೇಲೂ ಬೆರಳಿಟ್ಟರೆ ಉಗುರುಬೆಚ್ಚಗೆ ಎನಿಸುತ್ತದೆಯೇ ಹೊರತು ಸುಡುವುದಿಲ್ಲ. ನನ್ನ ಮಟ್ಟಿಗೆ ಇದನ್ನು ಮೆಚ್ಚಲು ಇದೊಂದೇ ಕಾರಣ ಸಾಕಿತ್ತು.

ಇಲ್ಲಿಯೇ ಅಂಗಡಿಯ ‘ಹೆವಿ’ ಎಂಬ ಮಾತು ದಾರಿ ತಪ್ಪಿಸುತ್ತದೆ. ಐಆರ್‌ಎಫ್‌ಝಡ್44ಎನ್ ಕಾಗದದ ಮೇಲೆ 49 ಆಂಪಿಯರಿನದು, ಐಆರ್‌ಎಲ್‌ಝಡ್44ಎನ್ 47 ಆಂಪಿಯರಿನದು. ಎರಡೂ 55 ವೋಲ್ಟಿನವು. ರೋಧವನ್ನು ನೋಡಿದರೆ ಮೊದಲನೆಯದು 17.5 ಮಿಲಿಓಮ್, ಎರಡನೆಯದು 22 ಮಿಲಿಓಮ್. ಅಂಕಿಗಳನ್ನಷ್ಟೇ ನೋಡುವವರು ಮೊದಲನೆಯದನ್ನೇ ಕೊಳ್ಳುತ್ತಾರೆ. ಆದರೆ ಆ ಎರಡೂ ರೋಧಗಳು ಗೇಟಿಗೆ 10 ವೋಲ್ಟ್ ಕೊಟ್ಟಾಗಿನವು. ಆರ್ಡುಯಿನೊ ಊನೊದ ಕಾಲು (ಪಿನ್) ಕೊಡುವುದು 5 ವೋಲ್ಟ್ ಮಾತ್ರ, ಮತ್ತು ಆ ವೋಲ್ಟೇಜಿಗೆ ಐಆರ್‌ಎಫ್‌ಝಡ್44ಎನ್‌ನ ಡೇಟಾಶೀಟ್ ಯಾವ ರೋಧಕ್ಕೂ ಮಾತು ಕೊಟ್ಟಿಲ್ಲ. ಅದರ ಗೇಟ್ ಥ್ರೆಶೋಲ್ಡ್ 2ರಿಂದ 4 ವೋಲ್ಟ್ ಎಂದಿರುವುದನ್ನು ಓದಿ, 4ಕ್ಕೆ ಆನ್ ಆಗುವುದಾದರೆ 5 ಸಾಕಲ್ಲವೇ ಎಂದುಕೊಳ್ಳುವುದು ತುಂಬ ಸಹಜ. ಥ್ರೆಶೋಲ್ಡ್ ಎಂದರೆ ಮಾಸ್ಫೆಟ್ ಪೂರ್ತಿ ತೆರೆಯುವ ವೋಲ್ಟೇಜ್ ಅಲ್ಲ. ಅದರಲ್ಲಿ 250 ಮೈಕ್ರೋಆಂಪಿಯರ್ ಹರಿಯಲು ಶುರುವಾಗುವ ವೋಲ್ಟೇಜ್. ಒಂದು ಆಂಪಿಯರಿನ ನಾಲ್ಕು ಸಾವಿರದ ಒಂದು ಭಾಗ! ಬಾಗಿಲ ಚಿಲಕ ಸಡಿಲವಾದ ಮಾತ್ರಕ್ಕೆ ಗಾಡಿ ಒಳಗೆ ಹೋಗುವುದಿಲ್ಲ. ಥ್ರೆಶೋಲ್ಡ್ 2.5 ವೋಲ್ಟ್ ಇರುವ ಬಿಡಿ ಸಿಕ್ಕಿದವರಿಗೆ 5 ವೋಲ್ಟಿನಲ್ಲಿ ಕೆಲಸ ಚೆನ್ನಾಗಿಯೇ ನಡೆದು, 3.8 ಇರುವುದು ಸಿಕ್ಕಿದವರಿಗೆ ಅದೇ ಸರ್ಕೀಟು ಅರೆಬರೆ ತೆರೆದು ಸುಡುತ್ತದೆ. ಇಬ್ಬರೂ ಒಂದೇ ಅಂಗಡಿಯಲ್ಲಿ ಒಂದೇ ನಂಬರನ್ನು ಕೊಂಡವರಾಗಿರಬಹುದು. ಐಆರ್‌ಎಲ್‌ಝಡ್44ಎನ್‌ನ ಥ್ರೆಶೋಲ್ಡ್ 1ರಿಂದ 2 ವೋಲ್ಟ್ ಇದ್ದು, ರೋಧವನ್ನು 5 ವೋಲ್ಟಿಗೂ 4 ವೋಲ್ಟಿಗೂ ಬರೆದು ಕೊಟ್ಟಿದ್ದಾರೆ. 4 ವೋಲ್ಟಿನಲ್ಲಿ ಅದು 35 ಮಿಲಿಓಮ್. ಬದಲಿ ಆರಿಸುವಾಗ ಅದು ಎಷ್ಟು ಆಂಪಿಯರ್ ಹೊರಬಲ್ಲದು ಎಂಬುದಕ್ಕಿಂತ ಮೊದಲು, ಅದನ್ನು ಆಡಿಸುವ ಕಡೆಯಿಂದ ಎಷ್ಟು ವೋಲ್ಟೇಜ್, ಎಷ್ಟು ಕರೆಂಟ್ ಸಿಗುತ್ತದೆ ಎಂದು ನೋಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಕೊಂಡ ಬಿಡಿಭಾಗ ಅಸಲಿಯೇ ಎಂದು ಬೆಸುಗೆ ಹಾಕುವ ಮೊದಲೇ ಪರೀಕ್ಷಿಸುವುದು ಒಳ್ಳೆಯದು, ಏಕೆಂದರೆ ಬೇರೆ ಮಾಸ್ಫೆಟ್‌ನ ಮೇಲೆ ಈ ನಂಬರನ್ನು ಅಚ್ಚುಹಾಕಿ ಮಾರುವುದು ಎಲ್ಲ ಊರುಗಳಲ್ಲೂ ಇದೆ. ನಾನು ಮಾಡುವ ಪರೀಕ್ಷೆಗೆ ವಿಶೇಷ ಉಪಕರಣ ಬೇಡ. 12 ವೋಲ್ಟಿನ ಬ್ಯಾಟರಿ, 55 ವ್ಯಾಟಿನ ಹೆಡ್‌ಲೈಟ್ ಬಲ್ಬು, ಮೊಬೈಲ್ ಚಾರ್ಜರಿನ 5 ವೋಲ್ಟ್ ಮತ್ತು ಮಲ್ಟಿಮೀಟರ್ ಇದ್ದರೆ ಸಾಕು. ಬಲ್ಬನ್ನು ಬ್ಯಾಟರಿಯ ಪ್ಲಸ್ ಮತ್ತು ಡ್ರೈನ್ ನಡುವೆ ಕಟ್ಟಿ, ಸೋರ್ಸನ್ನು ಮೈನಸ್‌ಗೆ ಸೇರಿಸಿ, ಎರಡೂ ಮೂಲಗಳ ಮೈನಸ್‌ಗಳನ್ನು ಒಂದುಗೂಡಿಸಿ, ಗೇಟಿಗೆ 220 ಓಮ್ ರೆಸಿಸ್ಟರ್ ಮೂಲಕ 5 ವೋಲ್ಟ್ ಕೊಡಬೇಕು. ಬಲ್ಬಿನಲ್ಲಿ ಸುಮಾರು 4.6 ಆಂಪಿಯರ್ ಹರಿಯುವಾಗ ಡ್ರೈನ್-ಸೋರ್ಸ್ ಕಾಲುಗಳ ಬುಡದಲ್ಲೇ ಮೀಟರಿನ ಮೊನೆ ಇಟ್ಟು ಅಳೆದರೆ 115 ಮಿಲಿವೋಲ್ಟಿನ ಒಳಗಿರಬೇಕು. ನನ್ನ ಬಿಡಿಗಳಲ್ಲಿ ಬಂದದ್ದು 90ರ ಆಸುಪಾಸು. ಅದೇ ಮೀಟರು 300 ದಾಟಿ ತೋರಿಸಿದರೆ ಅದರ ಮೇಲೆ ಏನು ಅಚ್ಚಾಗಿದ್ದರೂ ಒಳಗಿರುವುದು ಐಆರ್‌ಎಲ್‌ಝಡ್44ಎನ್ ಅಲ್ಲ. ಕ್ಲಿಪ್ಪಿನ ತಂತಿಯ ಮೇಲೆ ದೂರದಲ್ಲಿ ಅಳೆದರೆ ತಂತಿಯ ರೋಧವೂ ಸೇರಿಕೊಂಡು ಒಳ್ಳೆಯ ಬಿಡಿಯೂ ಕೆಟ್ಟದ್ದಾಗಿ ಕಾಣುತ್ತದೆ, ಬುಡದಲ್ಲೇ ಅಳೆಯಬೇಕು.

ಕಾಲುಗಳ ಜೋಡಣೆ ಈ ಬದಲಿಯ ದೊಡ್ಡ ಅನುಕೂಲ. ಬರಹ ನಮ್ಮ ಕಡೆಗಿರುವಂತೆ ಹಿಡಿದರೆ ಟಿಐಪಿ122ರಲ್ಲಿ ಎಡದಿಂದ ಬೇಸ್, ಕಲೆಕ್ಟರ್, ಎಮಿಟರ್. ಐಆರ್‌ಎಲ್‌ಝಡ್44ಎನ್‌ನಲ್ಲಿ ಗೇಟ್, ಡ್ರೈನ್, ಸೋರ್ಸ್. ಕೆಲಸದ ದೃಷ್ಟಿಯಿಂದ ಒಂದಕ್ಕೊಂದು ಸರಿಯಾಗಿ ಕೂರುತ್ತವೆ, ಹಿಂದಿನ ಲೋಹದ ಪಟ್ಟಿಯೂ ಎರಡರಲ್ಲೂ ಮಧ್ಯದ ಕಾಲಿಗೇ ಸೇರಿದೆ. ಹಳೆಯ ಬೇಸ್ ರೆಸಿಸ್ಟರ್ 1 ಕಿಲೋಓಮ್ ಇದ್ದರೂ ನಿಧಾನವಾಗಿ ಆನ್-ಆಫ್ ಆಗುವ ವಾಲ್ವಿಗೆ ನಡೆಯುತ್ತದೆ. ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಟಿಐಪಿ122ರ ಒಳಗೆ ಬೇಸ್-ಎಮಿಟರ್ ನಡುವೆ ರೆಸಿಸ್ಟರ್‌ಗಳಿವೆ. ಬೇಸ್‌ಗೆ ಏನೂ ಬರದಿದ್ದಾಗ ಅದು ತಾನಾಗಿ ಆಫ್ ಆಗಿರುತ್ತದೆ. ಮಾಸ್ಫೆಟ್‌ನ ಗೇಟು ಹಾಗಲ್ಲ, ಅದು ಸಣ್ಣ ಕೆಪಾಸಿಟರ್ ಇದ್ದಂತೆ ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೋರ್ಡು ರೀಸೆಟ್ ಆಗಿ ಮತ್ತೆ ಎದ್ದೇಳುವವರೆಗೆ ಅದರ ಕಾಲುಗಳು ಯಾವ ಕಡೆಗೂ ಎಳೆಯದೆ ತೇಲುತ್ತಿರುತ್ತವೆ. ಆ ಹೊತ್ತಿನಲ್ಲಿ ವಾಲ್ವು ತಾನೇ ತೆರೆದುಕೊಳ್ಳಬಹುದು, ಅರ್ಧ ತೆರೆದ ಮಾಸ್ಫೆಟ್ ಬಿಸಿಯಾಗಲೂಬಹುದು. ಗೇಟ್ ಮತ್ತು ಸೋರ್ಸ್ ನಡುವೆ 10 ಕಿಲೋಓಮ್ ರೆಸಿಸ್ಟರ್ ಒಂದನ್ನು ಸೇರಿಸಿದರೆ ಈ ತೊಂದರೆ ಇರುವುದಿಲ್ಲ. ಬದಲಿ ಹಾಕುವವರು ಮುದ್ರಿತ ಬೋರ್ಡಿನ ಹಿಂಬದಿಯಲ್ಲಿ ಆ ಎರಡು ಕಾಲುಗಳ ಮೇಲೆಯೇ ಅದನ್ನು ಬೆಸೆಯಬಹುದು.

ವಾಲ್ವಿನ ಸುರುಳಿಗೆ ಅಡ್ಡಲಾಗಿ ಹಾಕುವ 1ಎನ್4007 ಡಯೋಡನ್ನು ಎರಡು ಸಂದರ್ಭಗಳಲ್ಲೂ ಉಳಿಸಿಕೊಳ್ಳಬೇಕು. ಟಿಐಪಿ122ರ ಒಳಗೂ ಮಾಸ್ಫೆಟ್‌ನ ಒಳಗೂ ಡಯೋಡ್ ಇದೆ ಎಂಬುದು ನಿಜ, ಆದರೆ ಸುರುಳಿ ಆಫ್ ಆಗುವಾಗ ಏಳುವ ವೋಲ್ಟೇಜನ್ನು ಹಿಡಿಯುವ ಜಾಗದಲ್ಲಿ ಅದು ಇಲ್ಲ. ಪಂಪಿನ ವೇಗವನ್ನು ಪಿಡಬ್ಲ್ಯುಎಂ (ಬೇಗ ಬೇಗ ಆನ್-ಆಫ್ ಮಾಡುವ ವಿಧಾನ) ಮೂಲಕ ಹೆಚ್ಚು ಕಡಿಮೆ ಮಾಡುವವರಿಗೆ ಮಾತ್ರ 1ಎನ್4007 ನಿಧಾನ. ಅಲ್ಲಿ ಕರೆಂಟಿಗೆ ತಕ್ಕ, ವೇಗವಾದ ಶಾಟ್ಕಿ ಡಯೋಡ್ ಬೇಕು.

ಈಗ ಇದರ ಮಿತಿಗಳು. ಇಎಸ್‌ಪಿ32, ಇಎಸ್‌ಪಿ8266 ಬೋರ್ಡುಗಳ ಕಾಲು ಕೊಡುವುದು 3.3 ವೋಲ್ಟ್. ಐಆರ್‌ಎಲ್‌ಝಡ್44ಎನ್‌ನ ಖಾತರಿ 4 ವೋಲ್ಟಿಗೇ ನಿಲ್ಲುತ್ತದೆ. ಒಂದು ಆಂಪಿಯರಿನ ಒಳಗಿನ ಹೊರೆಗೆ ನಡೆಯುವುದನ್ನು ನೋಡಿದ್ದೇನೆ, ಆದರೂ ತೋಟದಲ್ಲಿ ಬಿಟ್ಟು ಬರುವ ಪೆಟ್ಟಿಗೆಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಅಂಥ ಕಡೆ ಎಒ3400 ಎಂಬ ಚಿಕ್ಕ ಎಸ್‌ಒಟಿ-23 ಕವಚದ ಮಾಸ್ಫೆಟ್ ಹೆಚ್ಚು ಸರಿ, 2.5 ವೋಲ್ಟಿಗೇ ಅದರ ರೋಧವನ್ನು ಬರೆದು ಕೊಟ್ಟಿದ್ದಾರೆ, 30 ವೋಲ್ಟಿನ ಮಿತಿ 12 ವೋಲ್ಟಿನ ಕೆಲಸಕ್ಕೆ ಸಾಕಾಗುತ್ತದೆ. ಬೆಸುಗೆಯ ಕೈ ಸ್ಥಿರವಾಗಿರಬೇಕು, ಅಷ್ಟೇ. ಅಂಗಡಿಯಲ್ಲಿ ಸಿಗುವ ಐಆರ್‌ಎಫ್‌ಝಡ್44ಎನ್ ಅನ್ನೇ ಬಳಸಬೇಕೆಂದರೆ ಅದಕ್ಕೂ ದಾರಿಯಿದೆ. ಗೇಟನ್ನು 10 ಕಿಲೋಓಮ್ ಮೂಲಕ 12 ವೋಲ್ಟಿಗೆ ಕಟ್ಟಿ, ಒಂದು ಬಿಸಿ547 (BC547) ಎಂಬ ಚಿಕ್ಕ ಟ್ರಾನ್ಸಿಸ್ಟರ್ ಅದನ್ನು ನೆಲಕ್ಕೆಳೆಯುವಂತೆ ಮಾಡಿದರೆ ಗೇಟಿಗೆ ಪೂರ್ತಿ 12 ವೋಲ್ಟ್ ಸಿಗುತ್ತದೆ. ಆಗ ಪ್ರೋಗ್ರಾಮಿನಲ್ಲಿ ಆನ್ ಎಂದದ್ದು ಆಫ್ ಆಗುತ್ತದೆ ಎಂಬುದನ್ನು ನೆನಪಿಡಬೇಕು. ಬೋರ್ಡು ಎದ್ದೇಳುವಾಗ ಪಂಪು ನಡೆದುಬಿಡುವ ಅಪಾಯವೂ ಇದರಿಂದ ಹೆಚ್ಚು. 10 ಕಿಲೋಓಮ್ ಮತ್ತು ಗೇಟಿನ ಸುಮಾರು 1500 ಪಿಕೋಫ್ಯಾರಡ್ ಸೇರಿದರೆ 15 ಮೈಕ್ರೋಸೆಕೆಂಡಿನ ವಿಳಂಬ. ಆರ್ಡುಯಿನೊದ 490 ಹರ್ಟ್ಜ್ ಪಿಡಬ್ಲ್ಯುಎಂಗೆ ಇದು ಲೆಕ್ಕಕ್ಕಿಲ್ಲ, 20 ಕಿಲೋಹರ್ಟ್ಜ್‌ಗೆ ಇದು ನಡೆಯುವುದೇ ಇಲ್ಲ.

ಇನ್ನೆರಡು ಎಚ್ಚರಿಕೆಗಳಿವೆ. ಐಆರ್‌ಎಲ್‌ಝಡ್44ಎನ್‌ನ ಗೇಟು 16 ವೋಲ್ಟಿಗಿಂತ ಹೆಚ್ಚು ತಾಳುವುದಿಲ್ಲ. ಲಾರಿಯ 24 ವೋಲ್ಟಿನ ವ್ಯವಸ್ಥೆಯಿಂದ ಗೇಟಿಗೆ ನೇರ ಕೊಟ್ಟರೆ ಅದು ಹಾಳಾಗಬಹುದು. ಹಾಗೆಯೇ, ಹಳೆಯ ಪವರ್ ಸಪ್ಲೈಗಳಲ್ಲಿ ವೋಲ್ಟೇಜನ್ನು ಹಿಡಿದು ನಿಲ್ಲಿಸುವ ಕೆಲಸದಲ್ಲಿರುವ ಟಿಐಪಿ122 ಅಥವಾ 2ಎನ್3055ಕ್ಕೆ ಇದು ಬದಲಿಯಲ್ಲ. ಅಲ್ಲಿ ಟ್ರಾನ್ಸಿಸ್ಟರ್ ಸದಾ ಅರೆತೆರೆದೇ ಇರುತ್ತದೆ, ಸ್ವಿಚಿಂಗ್‌ಗೆಂದು ಮಾಡಿದ ಮಾಸ್ಫೆಟ್‌ಗಳು ಆ ಸ್ಥಿತಿಯಲ್ಲಿ ಬೇಗ ಕೆಡುತ್ತವೆ. 2ಎನ್3055ಕ್ಕೆ 2ಎನ್3055ನ್ನೇ ಹುಡುಕಬೇಕು.

ಆನ್‌ಲೈನಿನಲ್ಲಿ ‘ಮಾಸ್ಫೆಟ್ ಮಾಡ್ಯೂಲ್’ ಎಂದು ಮಾರುವ, ಐಆರ್‌ಎಫ್520 ಕೂತಿರುವ ಸಿದ್ಧ ಬೋರ್ಡಿನ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಇಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸುತ್ತದೆ. ಐಆರ್‌ಎಫ್520ರ ರೋಧ 10 ವೋಲ್ಟ್ ಗೇಟಿನಲ್ಲೇ 0.2 ಓಮ್‌ಗಿಂತ ಕಡಿಮೆಯಾಗುವ ಖಾತರಿಯಿಲ್ಲ, 5 ವೋಲ್ಟಿಗೆ ಯಾವ ಖಾತರಿಯೂ ಇಲ್ಲ. ಆರ್ಡುಯಿನೊಗೆಂದೇ ಮಾರುವ ಬೋರ್ಡಿಗೆ ಈ ಆಯ್ಕೆ ಸಲ್ಲದು. ಆ ಮಾಡ್ಯೂಲ್ ಈಗಾಗಲೇ ಕೈಯಲ್ಲಿದ್ದರೆ ಅದರ ಮಾಸ್ಫೆಟ್ ಬಿಚ್ಚಿ ಅದೇ ತೂತುಗಳಲ್ಲಿ ಐಆರ್‌ಎಲ್‌ಝಡ್44ಎನ್ ಕೂರಿಸಿ, ಸೊಗಸಾಗಿ ನಡೆಯುತ್ತದೆ.

ಚಿಕ್ಕ ಟ್ರಾನ್ಸಿಸ್ಟರ್‌ಗಳ ಬದಲಿಯಲ್ಲಿ ಕಾಡುವುದು ಬೇರೆಯದೇ ತೊಂದರೆ. ರಿಲೇಯ 30 ಮಿಲಿಆಂಪಿಯರ್ ಸುರುಳಿಗೆ ಬಿಸಿ547 ಸಾಕು, ಬಿಸಿ337 ಇನ್ನೂ ನೆಮ್ಮದಿ. ಇವೆರಡರ ಕಾಲುಗಳ ಕ್ರಮವೂ ಒಂದೇ. ಚಪ್ಪಟೆ ಮುಖ ನಮ್ಮ ಕಡೆಗಿಟ್ಟು ನೋಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಇದು ತಲೆಕೆಳಗಾಗಿ ಎಮಿಟರ್, ಬೇಸ್, ಕಲೆಕ್ಟರ್. ಹಳೆಯ ಜಪಾನಿ ರೇಡಿಯೊಗಳಿಂದ ಬಿಚ್ಚಿದ ಸಿ1815, ಸಿ945ಗಳಲ್ಲಿ ಬೇಸ್ ಮಧ್ಯದಲ್ಲೇ ಇಲ್ಲ, ಬಲತುದಿಯಲ್ಲಿದೆ. ಪಿಎನ್2222ಎ ಮತ್ತು ಪಿ2ಎನ್2222ಎ ಎಂಬ ಎರಡರ ಕಾಲುಗಳು ಒಂದಕ್ಕೊಂದು ವಿರುದ್ಧ! ಹೆಸರಿನಲ್ಲಿ ಒಂದೇ ಅಂಕಿಯ ವ್ಯತ್ಯಾಸ. ಕಾಲೇಜು ಲ್ಯಾಬುಗಳಲ್ಲಿ ಒಂದು ತಲೆಮಾರೇ ಬಳಸಿದ ಲೋಹದ ಟೋಪಿಯ ಎಸ್‌ಎಲ್100 ಜಾಗಕ್ಕೆ ಬಿಡಿ139 (BD139) ಹಾಕುವವರು, ಅದರ ಕಾಲುಗಳು ಎಮಿಟರ್, ಕಲೆಕ್ಟರ್, ಬೇಸ್ ಎಂಬ ಕ್ರಮದಲ್ಲಿವೆ ಎಂಬುದನ್ನು ನೋಡಿಕೊಂಡು ತಂತಿಗಳನ್ನು ಅದಕ್ಕೆ ತಕ್ಕಂತೆ ಬಾಗಿಸಬೇಕು. ಸಂದೇಹ ಬಂದಾಗ ಮೀಟರಿನ ಡಯೋಡ್ ಪರೀಕ್ಷೆಯಲ್ಲಿ ಬೇಸನ್ನು ಹುಡುಕಿ, ಉಳಿದ ಎರಡರಲ್ಲಿ ಸ್ವಲ್ಪ ಹೆಚ್ಚಿನ ಅಂಕಿ ತೋರಿಸುವ ಕಾಲು ಎಮಿಟರ್ ಎಂದು ತಿಳಿಯಬಹುದು. ಕೆಟ್ಟ ಸಿಎಫ್‌ಎಲ್ ಬಲ್ಬುಗಳಿಂದ ಸಿಗುವ 13003 ಟ್ರಾನ್ಸಿಸ್ಟರ್ 400 ವೋಲ್ಟಿನದು ಎಂದು ಕೂಡಿಟ್ಟುಕೊಳ್ಳುವವರಿದ್ದಾರೆ. ಅದರ ಗೇನ್ ಹತ್ತರ ಆಸುಪಾಸಿಗೂ ಇಳಿಯಬಹುದಾದ್ದರಿಂದ ಬೋರ್ಡಿನ ಕಾಲಿನಿಂದ ಅದನ್ನು ಆಡಿಸುವುದು ಕಷ್ಟ.

ಸಿಗುವ ವಿಷಯದಲ್ಲಿ ಐಆರ್‌ಎಲ್‌ಝಡ್44ಎನ್‌ಗೆ ನಾನು ಪೂರ್ಣ ಅಂಕ ಕೊಡಲಾರೆ. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಬಿಡಿಭಾಗದ ಅಂಗಡಿಗಳು ನಡೆಯುವುದು ಆಂಪ್ಲಿಫೈಯರ್, ಟಿವಿ, ಯುಪಿಎಸ್ ರಿಪೇರಿಯವರಿಂದ. ಅವರಿಗೆ ಬೇಕಾದದ್ದು 10 ವೋಲ್ಟ್ ಗೇಟಿನ ಮಾಸ್ಫೆಟ್‌ಗಳು, ಅಂಗಡಿಯಲ್ಲಿ ಇರುವುದೂ ಅವೇ. ಕೇಳಿದರೆ ತರಿಸಿಕೊಡುತ್ತಾರೆ, ಇಲ್ಲವೆ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುವವರ ಕೈಯಲ್ಲಿ ಹೇಳಿಕಳಿಸಬೇಕು. ಟಿಐಪಿ122ಕ್ಕಿಂತ ಬೆಲೆ ಹೆಚ್ಚು, ಆದರೆ ಹೀಟ್‌ಸಿಂಕ್, ಮೈಕಾ ಹಾಳೆ, ಪೇಸ್ಟುಗಳ ಖರ್ಚು ಉಳಿಯುವುದನ್ನು ಸೇರಿಸಿದರೆ ಆ ವ್ಯತ್ಯಾಸ ಉಳಿಯುವುದಿಲ್ಲ. ಅರ್ಧ ಆಂಪಿಯರಿನ ಒಂದೇ ವಾಲ್ವು ನಡೆಸುವವರು ಮಾತ್ರ ಇಷ್ಟೆಲ್ಲ ಹುಡುಕಾಡಬೇಕಿಲ್ಲ. ಅಲ್ಲಿ ಟಿಐಪಿ122ರ ಬಿಸಿ ಅರ್ಧ ವ್ಯಾಟಿನ ಹತ್ತಿರವಷ್ಟೇ, ಅದು ನಿಶ್ಚಿಂತೆಯಿಂದ ನಡೆಯುತ್ತದೆ.

ಕೊನೆಯದಾಗಿ ವಾಲ್ವ್ ಕೊಳ್ಳುವವರ ಗಮನಕ್ಕೆ. ನೀರಾವರಿಗೆಂದು ಮಾರುವ ಸೊಲೆನಾಯ್ಡ್ ವಾಲ್ವ್‌ಗಳಲ್ಲಿ ಬಹಳಷ್ಟು 24 ವೋಲ್ಟ್ ಎಸಿಯವು. ಇಲ್ಲಿ ಹೇಳಿದ ಯಾವ ಟ್ರಾನ್ಸಿಸ್ಟರ್ ಕೂಡ ಎಸಿಯನ್ನು ನೇರವಾಗಿ ಆನ್-ಆಫ್ ಮಾಡಲಾರದು. ಮಾಸ್ಫೆಟ್ ಹಾಕಿದರೆ ಅದರೊಳಗಿನ ಡಯೋಡ್ ಅರ್ಧ ಚಕ್ರವನ್ನು ಸದಾ ಹರಿಯಬಿಡುತ್ತದೆ. ಸುರುಳಿಯ ಮೇಲೆ ಎಸಿ ಎಂದಿದ್ದರೆ ರಿಲೇ ಅಥವಾ ಎಸಿಯನ್ನು ಆನ್-ಆಫ್ ಮಾಡಬಲ್ಲ ಟ್ರಯಾಕ್ ತೆಗೆದುಕೊಳ್ಳಿ. ಆ ರಿಲೇಯ ಸುರುಳಿಯನ್ನು ಆಡಿಸಲು ಒಂದು ಬಿಸಿ547 ಸಾಕು.